ಬೆರ್ಚಪ್ಪನ ಅಂಗಿ ಯಾರದು?

ಪತ್ರದ ಸಾರ: ಮುಂಬೈ ಬಳಿಯ ಡೊಂಬಿವಲಿಯ ಓದುಗರೊಬ್ಬರಿಗೆ ನಮ್ಮ ಹೋದ ಸಂಚಿಕೆಯ ಕತೆ ಹಿಡಿಸಿಲ್ಲ. ಅದರಲ್ಲಿ ಬೆದರುಗೊಂಬೆಯೇ ನಾಯಕ. "ಬೆದರುಗೊಂಬೆ ಅಂದರೆ ಒಳಗೆ ಏನೂ ಇಲ್ಲದ ಮನುಷ್ಯ. ಸಾಹಿತ್ಯದಲ್ಲಿ ಅದರ ಅರ್ಥ ಅಷ್ಟೇ. ಹುಲ್ಲಿನ ಗೊಂಬೆಗಾಗಿ ನಾವು ಕಣ್ಣೀರು ಹಾಕಬೇಕಾ?" ಎಂದು ಕೇಳಿದ್ದಾರೆ. ಲೆಬನಾನಿನ ಕವಿ ಖಲೀಲ್ ಗಿಬ್ರಾನನ ಪುಟ್ಟ ಕತೆಯೊಂದನ್ನು ಸಾಕ್ಷಿಗೆ ತಂದಿದ್ದಾರೆ. ಧಾರವಾಡದ ಕಡೆಯ ತಮ್ಮ ಹೊಲದಲ್ಲಿ ಅವ್ವ ಪ್ರತಿ ವರ್ಷ ಬೆದರುಗೊಂಬೆಗೆ ರುಮಾಲು ಬದಲಿಸುತ್ತಿದ್ದಳು ಎಂಬ ಮಾತೂ ನಡುವೆ ಒಂದು ಸಾಲಿನಲ್ಲಿ ಬಂದು ಹೋಗಿದೆ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಲೋಕಲ್ ರೈಲಿನಲ್ಲಿ ಕೂತು ಒಮ್ಮೆ ಓದಿದೆ, ಮನೆಗೆ ಬಂದು ಇನ್ನೊಮ್ಮೆ ಓದಿದೆ. ನೀವು ಹೇಳಿದ್ದು ಸುಳ್ಳಲ್ಲ. ಪಾಣಿನಿಯ ಸಂಸ್ಕೃತ ವ್ಯಾಕರಣ ಸೂತ್ರಗಳಿಗೆ ಬರೆದ ಕಾಶಿಕಾ ವೃತ್ತಿ ಎಂಬ ವ್ಯಾಖ್ಯಾನದಲ್ಲೇ 'ಚಂಚಾ' ಎಂಬ ಉದಾಹರಣೆ ಇದೆ. ಚಂಚಾ ಅಂದರೆ ಹುಲ್ಲಿನ ಬೊಂಬೆ. ಅದರ ಹಾಗಿರುವ ಮನುಷ್ಯನನ್ನೂ ಚಂಚಾ ಅಂತಲೇ ಕರೆಯಬಹುದು. ಅಂದರೆ ಈ ಬೈಗುಳಕ್ಕೆ ಸಾವಿರ ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಅಮೆರಿಕದ ಕತೆಗಾರ ಹಾಥಾರ್ನ್ 1852ರ ಕತೆಯಲ್ಲಿ ಬೆದರುಗೊಂಬೆಗೆ ಒಳ್ಳೆ ಬಟ್ಟೆ ತೊಡಿಸಿ ಊರ ದೊಡ್ಡಮನುಷ್ಯರ ನಡುವೆ ಓಡಾಡಿಸಿದ, ಒಂದು ಮಗು, ಒಂದು ನಾಯಿ ಬಿಟ್ಟರೆ ಬೀದಿಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಇಂಗ್ಲಿಷ್ ಕವಿ ಎಲಿಯಟ್ 1925ರಲ್ಲಿ ತಲೆಯೊಳಗೆ ಹುಲ್ಲು ತುಂಬಿಕೊಂಡವರ ಬಗ್ಗೆ ಬರೆದ. ಇವೆಲ್ಲ ನಿಮ್ಮ ಪಕ್ಷಕ್ಕೆ. ನಾನು ಒಪ್ಪಿಕೊಂಡೆ.

ಆದರೆ ಗಿಬ್ರಾನನನ್ನು ನೀವು ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದೀರಿ, ಅದು ಸರಿಯಲ್ಲ. 1918ರ ಆ ಕತೆಯಲ್ಲಿ ಬೆದರುಗೊಂಬೆ, ಹೆದರಿಸುವ ಸಂತೋಷ ಹುಲ್ಲು ತುಂಬಿದವರಿಗೆ ಮಾತ್ರ ಗೊತ್ತು ಅನ್ನುತ್ತದೆ. ನೀವು ಅಲ್ಲಿಗೇ ಪುಸ್ತಕ ಮುಚ್ಚಿದ್ದೀರಿ. ಕತೆ ಇನ್ನೂ ಇದೆ. ಒಂದು ವರ್ಷ ಕಳೆಯುತ್ತದೆ, ಅಷ್ಟರಲ್ಲಿ ಬೆದರುಗೊಂಬೆ ತತ್ವಜ್ಞಾನಿಯಾಗಿರುತ್ತದೆ, ಅದರ ಟೋಪಿಯ ಕೆಳಗೆ ಎರಡು ಕಾಗೆಗಳು ಗೂಡು ಕಟ್ಟುತ್ತಿರುತ್ತವೆ. ಯಾರನ್ನು ಓಡಿಸಲು ನಿಲ್ಲಿಸಿದ್ದರೋ ಅವರಿಗೇ ಮನೆಯಾಯಿತು. ನನಗೆ ಇಡೀ ಕತೆ ಇರುವುದೇ ಆ ಗೂಡಿನಲ್ಲಿ.

ನಮ್ಮ ಕುಂದಾಪುರದ ಕಡೆ ಅದಕ್ಕೆ ಬೆರ್ಚಪ್ಪ ಅನ್ನುತ್ತೇವೆ. ಹಳಗನ್ನಡದ 'ಬೆರ್ಚು' ಅಂದರೆ ಬೆಚ್ಚುವುದು. ಮರಾಠಿಯವರ 'ಬುಜಗಾವಣೆ' ಕೂಡ ಹಾಗೇ ಹುಟ್ಟಿದ್ದು, 'ಬುಜಣೆ' ಅಂದರೆ ಬೆದರುವುದು. ಆದರೆ ನಾವು ಅಷ್ಟಕ್ಕೇ ಬಿಡಲಿಲ್ಲ ನೋಡಿ, ಕೊನೆಗೊಂದು 'ಅಪ್ಪ' ಸೇರಿಸಿದೆವು. ಬರೀ ಪೊಳ್ಳು ವಸ್ತುವಿಗೆ ಯಾರಾದರೂ ಅಪ್ಪ ಅನ್ನುತ್ತಾರಾ?

ನಾನು ಚಿಕ್ಕವನಿದ್ದಾಗ ಅಪ್ಪ ಮುಂಬೈಯ ಹೋಟೆಲಿನಲ್ಲಿದ್ದರು. ವರ್ಷಕ್ಕೊಮ್ಮೆ ಬರುವುದು. ತೆನೆ ಹಾಲು ತುಂಬುವ ಹೊತ್ತಿಗೆ ಗಿಳಿ, ಗುಬ್ಬಿ ಎಲ್ಲ ಮುಗಿಬೀಳುತ್ತಿದ್ದವು. ಅಮ್ಮ ಎರಡು ಕೋಲು ಅಡ್ಡ ಕಟ್ಟಿ, ಬೈಹುಲ್ಲು ಸುತ್ತಿ, ಮಸಿ ಹಿಡಿದ ಮಡಕೆಗೆ ಸುಣ್ಣದ ಕಣ್ಣು ಬರೆದು, ಅಪ್ಪ ಬಿಟ್ಟುಹೋದ ನೀಲಿ ಗೀಟಿನ ಅಂಗಿ ತೊಡಿಸಿ ಗದ್ದೆಯ ಅಂಚಿನಲ್ಲಿ ನಿಲ್ಲಿಸುತ್ತಿದ್ದಳು. ಶಾಲೆಯಿಂದ ಬರುವಾಗ ಮುಸ್ಸಂಜೆ. ಹಿಂದಿನಿಂದ ನೋಡಿದರೆ ಅಪ್ಪನೇ. ಗೊತ್ತಿದ್ದೂ ನಾನು ಪ್ರತಿ ಸಲ ಅಂಚು ಹತ್ತಿ ಎದುರಿಗೆ ಹೋಗಿ ಮುಖ ನೋಡಿ ಬರುತ್ತಿದ್ದೆ. ಅಮ್ಮ ಒಂದು ದಿನವೂ ಬೈಯಲಿಲ್ಲ. ಅವಳೂ ಸಂಜೆ ಹೊತ್ತು ಹಿತ್ತಲಿನಿಂದ ಆ ಕಡೆಗೇ ನೋಡುತ್ತಿದ್ದಳು.

ಹದಿನಾಲ್ಕಕ್ಕೆ ನಾನೂ ಇಲ್ಲಿಗೆ, ಮುಂಬೈಗೆ ಬಂದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ ಕನ್ನಡ ಶಾಲೆ. ಧಣಿಗಳು ಹೊರಗೆ ಹೋಗುವಾಗ ತಮ್ಮ ಹಳೆಯ ಬಿಳಿ ಅಂಗಿ ತೊಡಿಸಿ ನನ್ನನ್ನು ಗಲ್ಲಾದ ಪಕ್ಕ ನಿಲ್ಲಿಸುತ್ತಿದ್ದರು. ಗಲ್ಲಾ ಮುಟ್ಟುವಂತಿಲ್ಲ, ಕೂರುವಂತಿಲ್ಲ. ಸುಮ್ನೆ ನಿಂತಿರಬೇಕು, ಯಾರೋ ಇದ್ದಾರೆ ಅಂತ ಕಾಣಬೇಕು. ಬೆರ್ಚಪ್ಪನ ಕೆಲಸ ಏನು ಅಂತ ನನಗೆ ಗೊತ್ತಾದದ್ದು ಆಗ. ತನ್ನದಲ್ಲದ ಅಂಗಿ ತೊಟ್ಟು, ತನ್ನದಲ್ಲದ ಬೆಳೆ ಕಾಯುವುದು. ಈ ಊರಿನ ಪ್ರತಿ ಬಿಲ್ಡಿಂಗಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ವಾಚ್‌ಮನ್ ಮಾಡುವುದೂ ಅದನ್ನೇ ಅಲ್ವಾ? ಅವನ ಒಳಗೆ ಏನೂ ಇಲ್ಲ ಅನ್ನಲು ನಿಮಗೆ ಬಾಯಿ ಬರುತ್ತದಾ?

ಇಂಗ್ಲೆಂಡಿನ ಹಾರ್ಡಿಯ 1895ರ ಕಾದಂಬರಿಯ ಜೂಡ್ ನೆನಪಿದೆಯಾ? ಅವನು ಬೊಂಬೆಯಲ್ಲ, ಹುಡುಗ. ದಿನಕ್ಕೆ ಆರು ಪೆನ್ಸ್ ಕೂಲಿಗೆ ಗದ್ದೆಯಲ್ಲಿ ನಿಂತು ಗಿಲಕಿ ಆಡಿಸಿ ಕಾಗೆ ಜಾತಿಯ ಹಕ್ಕಿಗಳನ್ನು ಓಡಿಸಬೇಕು. ಕೈ ನೋಯುತ್ತದೆ. ಹಕ್ಕಿಗಳಿಗೂ ತನ್ನ ಹಾಗೆ ಯಾರೂ ಇಲ್ಲ ಅನಿಸುತ್ತದೆ. ಗಿಲಕಿ ಕೆಳಗೆ ಹಾಕಿ, ತಿನ್ನಿ ಅನ್ನುತ್ತಾನೆ. ಹೊಲದ ಯಜಮಾನ ಬಂದು ಅದೇ ಗಿಲಕಿಯಿಂದ ಅವನನ್ನು ಹೊಡೆಯುತ್ತಾನೆ, ಕೆಲಸದಿಂದಲೂ ತೆಗೆಯುತ್ತಾನೆ. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲ್ಲರಿಗೂ ಗೊತ್ತಿರುವ ಓಜ್ ದೇಶದ ಬೆದರುಗೊಂಬೆಯನ್ನೇ ತೆಗೆದುಕೊಳ್ಳಿ. ಅಮೆರಿಕದ ಬಾಮ್ 1900ರ ಮಕ್ಕಳ ಕಾದಂಬರಿಯಲ್ಲಿ ಬರೆದದ್ದು. ಅದು ಮಿದುಳು ಬೇಕು ಅಂತ ಹೊರಟಿತು, ಅಷ್ಟು ಮಾತ್ರ ಎಲ್ಲರ ಬಾಯಲ್ಲಿದೆ. ದಾರಿಯುದ್ದಕ್ಕೂ ಕಷ್ಟ ಬಂದಾಗ ಉಪಾಯ ಹೇಳುವುದು ಅದೇ. ಮಾಟಗಾತಿ ಕರಿ ಜೇನ್ನೊಣಗಳನ್ನು ಬಿಟ್ಟಾಗ, ನನ್ನ ಹುಲ್ಲು ತೆಗೆದು ಜೊತೆಗಿರುವ ಹುಡುಗಿಯ ಮೇಲೆ, ನಾಯಿಯ ಮೇಲೆ, ಸಿಂಹದ ಮೇಲೆ ಹೊದಿಸಿ ಅನ್ನುತ್ತದೆ. ನೀವು ಹಂಗಿಸುವ ಆ ಹುಲ್ಲಿನಿಂದಲೇ ಮೂರು ಜೀವ ಉಳಿದವು.

ಜಪಾನಿನವರು ಇನ್ನೂ ಮುಂದೆ ಹೋದರು. 712ರಲ್ಲಿ ಬರೆದ ಅವರ ಹಳೆಯ ಗ್ರಂಥ ಕೊಜಿಕಿಯಲ್ಲಿ ಕುಎಬಿಕೊ ಅಂತ ಒಬ್ಬ ದೇವರಿದ್ದಾನೆ. ಅವನು ಗದ್ದೆಯ ಬೆದರುಗೊಂಬೆ. ಸಮುದ್ರದ ಮೇಲೆ ಒಬ್ಬ ಪುಟ್ಟ ದೇವರು ತೇಲಿ ಬರುತ್ತಾನೆ, ಯಾರು ಅಂತ ಯಾರಿಗೂ ಗೊತ್ತಿಲ್ಲ. ಕಪ್ಪೆಯೊಂದು, ಕುಎಬಿಕೊನನ್ನು ಕೇಳಿ ಅನ್ನುತ್ತದೆ. ಅವನಿಗೆ ಗೊತ್ತಿರುತ್ತದೆ. ಕಾಲು ನಡೆಯದು, ಆದರೆ ಆಕಾಶದ ಕೆಳಗಿನದೆಲ್ಲ ಅವನಿಗೆ ಗೊತ್ತು. ಒಂದೇ ಕಡೆ ನಿಂತು ಮಳೆ, ಬಿಸಿಲು, ಹಾದುಹೋಗುವವರು ಎಲ್ಲ ನೋಡಿದವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಇನ್ನೊಂದು ಕತೆ ನಮ್ಮ ಊರಿನದೇ. ಮುಂಬೈಯಲ್ಲಿ ನೆಲೆಸಿದ್ದ ಉರ್ದು ಕತೆಗಾರ ಸುರೇಂದ್ರ ಪ್ರಕಾಶ್ 'ಬಿಜೂಕಾ' ಅಂತ ಬರೆದಿದ್ದಾರೆ. ಪ್ರೇಮಚಂದರ 'ಗೋದಾನ' ಕಾದಂಬರಿಯ ಹೋರಿ ಎಂಬ ರೈತನನ್ನು ಮತ್ತೆ ಎಬ್ಬಿಸಿ ಹೊಲಕ್ಕೆ ಕರೆತರುತ್ತಾರೆ. ಹೋಗಿ ನೋಡಿದರೆ ಬೆದರುಗೊಂಬೆಯೇ ಪೈರು ಕೊಯ್ಯುತ್ತಿದೆ, ನನ್ನ ಪಾಲು ಅನ್ನುತ್ತಿದೆ. ಪಂಚಾಯಿತಿ ಕೂಡ ಅದರ ಪರವೇ ತೀರ್ಪು ಕೊಡುತ್ತದೆ. ಬೇಲಿಯೇ ಎದ್ದು ಹೊಲ ಮೇದ ಕತೆ ಅಂತ ಜನ ಇದನ್ನು ಓದುತ್ತಾರೆ, ತಪ್ಪಲ್ಲ. ನನಗೆ ಉಳಿದದ್ದು ಕೊನೆ. ಸಾಯುವ ಹೋರಿ ಮಕ್ಕಳಿಗೆ, ಇನ್ನು ಹೊಲದಲ್ಲಿ ಬೊಂಬೆ ಬೇಡ, ನನ್ನನ್ನೇ ನಿಲ್ಲಿಸಿ ಅನ್ನುತ್ತಾನೆ. ಜೀವ ಹೋದ ಮೇಲೂ ರೈತನಿಗೆ ಹೊಲದ್ದೇ ಚಿಂತೆ.

ನನಗೆ ಬೇಜಾರು ನಿಮ್ಮ ಮೇಲಲ್ಲ. ನಮ್ಮ ಮೇಜಿಗೆ ಬೆದರುಗೊಂಬೆಯ ಕವಿತೆಗಳು ಬರುತ್ತಲೇ ಇರುತ್ತವೆ. ಎಲ್ಲದರಲ್ಲೂ ಅದು ರಾಜಕಾರಣಿ, ಇಲ್ಲವೇ ಕುರ್ಚಿಯ ಮೇಲಿನ ಅಧಿಕಾರಿ. ಅಂಗಿಯ ಬಣ್ಣ ಯಾವುದು, ಮಡಕೆ ಎಲ್ಲಿಂದ ತಂದದ್ದು, ಕೋಲು ಬಿದಿರಿನದಾ ಅಡಕೆಯದಾ, ಯಾರಿಗೂ ಬೇಡ. ಶಾಲೆಯಲ್ಲೇ ನಮಗೆ ಹಾಗೆ ಕಲಿಸಿದ್ದಾರೆ: ಈ ಪದ್ಯದಲ್ಲಿ ಬಂದದ್ದು ಯಾವುದರ ಸಂಕೇತ, ಒಂದು ವಾಕ್ಯದಲ್ಲಿ ಉತ್ತರಿಸಿ, ಒಂದು ಅಂಕ. ಅರ್ಥ ಸಿಕ್ಕಿತು ಅಂದ ಕೂಡಲೇ ವಸ್ತುವನ್ನು ಎಸೆದುಬಿಡುತ್ತೇವೆ. ಹೋದ ವರ್ಷ ಊರಿಗೆ ಹೋಗಿದ್ದೆ. ನಮ್ಮ ಗದ್ದೆ ಹಡಿಲು ಬಿದ್ದಿದೆ, ಅಕ್ಕಪಕ್ಕದವರದೂ ಹಾಗೇ. ನಾಟಿ ಮಾಡುವವರಿಲ್ಲ, ಮಕ್ಕಳೆಲ್ಲ ಬೆಂಗಳೂರು, ಮುಂಬೈ, ದುಬೈ. ತೆನೆಯೇ ಇಲ್ಲದ ಮೇಲೆ ಬೆರ್ಚಪ್ಪ ಎಲ್ಲಿ? ಆದರೆ 2019ರಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಟ್ರಾಫಿಕ್ ಪೊಲೀಸರ ಉಡುಪು ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ್ದರು. ಗದ್ದೆ ಬಿಟ್ಟು ಅವನೂ ಪೇಟೆಗೆ ಬಂದ, ನಮ್ಮ ಹಾಗೇ.

ಈಗ ನಿಮ್ಮದೇ ಆ ಒಂದು ಸಾಲಿಗೆ ಬರುತ್ತೇನೆ. ಅದನ್ನು ನೀವು ದಾರಿಯಲ್ಲಿ ಸಿಕ್ಕವರಿಗೆ ನಮಸ್ಕಾರ ಹೇಳಿದ ಹಾಗೆ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ಅವ್ವ ಪ್ರತಿ ವರ್ಷ ರುಮಾಲು ಬದಲಿಸುತ್ತಿದ್ದಳು. ಹಕ್ಕಿ ಹೆದರಿಸಲು ಹಳೆಯ ರುಮಾಲು ಸಾಕಿತ್ತು. ಮತ್ತೆ ಯಾಕೆ ಬದಲಿಸಿದಳು? ಅದು ನಿಮ್ಮ ಅಪ್ಪನದಾ, ಅಜ್ಜನದಾ? ಹಳೆಯದನ್ನು ಏನು ಮಾಡುತ್ತಿದ್ದಳು? ದೀಪಾವಳಿ ಸಂಚಿಕೆಗೆ ಎರಡು ಪುಟ ಖಾಲಿ ಇಟ್ಟಿದ್ದೇನೆ. ಅದನ್ನು ಬರೆದು ಕಳಿಸಿ. ರುಮಾಲಿನ ಬಣ್ಣ ನೆನಪಿದ್ದರೆ ಅದನ್ನೂ ಬರೆಯಿರಿ.