ಸರ್ಕಾರದ ನೆರವು ಬಡವರನ್ನು ಸೋಮಾರಿ ಮಾಡುತ್ತದೆಯೇ? ಬಡವ–ಶ್ರೀಮಂತರ ಅಂತರ ಯಾಕೆ ಹೆಚ್ಚುತ್ತಿದೆ?

ಸೋಮಾರಿ ಮಾಡುತ್ತದೆ ಎಂಬ ಮಾತು ಸುಮ್ನೆ ಹರಡಿದ್ದು, ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 6 ದೇಶಗಳ ನಗದು ನೆರವಿನ ಯೋಜನೆಗಳನ್ನು ಪರಿಶೀಲಿಸಿದ್ದರು. ಹಣ ಪಡೆದವರು ದುಡಿಮೆ ಬಿಟ್ಟರು ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ.

ಹಾಗಾದರೆ ಕೆಲವರು ನೆರವಿನಲ್ಲೇ ಸಿಕ್ಕಿಕೊಳ್ಳುವುದು ಯಾಕೆ? ಬಹಳ ಸಲ ತಪ್ಪು ನಿಯಮದಲ್ಲಿರುತ್ತದೆ. ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ವಾರಕ್ಕೆ ನಾಲ್ಕು ಗಂಟೆ ಜಾಸ್ತಿ ಕೆಲಸ ಸಿಗುತ್ತದೆ. ಒಪ್ಪಿಕೊಂಡರೆ ಅವಳ ಆದಾಯ ಮಿತಿಯನ್ನು ಒಂಚೂರು ದಾಟುತ್ತದೆ. ಅಷ್ಟಕ್ಕೇ ಬಾಡಿಗೆಯ ನೆರವು, ಮಗುವಿನ ಚಿಕಿತ್ಸೆಯ ನೆರವು ಎರಡೂ ಒಮ್ಮೆಲೇ ನಿಂತುಹೋಗುತ್ತವೆ. ಜಾಸ್ತಿ ದುಡಿದರೂ ಕೈಗೆ ಬರುವುದು ಕಡಿಮೆ! ಅವಳು ಬೇಡ ಅಂದರೆ ಅದು ಸೋಮಾರಿತನ ಅಲ್ಲ, ಮನೆ ನಡೆಸುವ ಲೆಕ್ಕ, ಅಲ್ವಾ? ಆದಾಯ ಏರಿದಂತೆ ನೆರವನ್ನು ಮೆಲ್ಲಗೆ ಇಳಿಸಿದರೆ ಈ ಬಲೆ ಸಡಿಲವಾಗುತ್ತದೆ.

ಅಂತರ ಹೆಚ್ಚುವುದಕ್ಕೆ ಕಾರಣ ಬೇರೆ ಇದೆ. ಆಸ್ತಿ ಇದ್ದವರಿಗೆ ಆಸ್ತಿಯೇ ದುಡಿದು ಕೊಡುತ್ತದೆ. ಕೂಲಿಯನ್ನೇ ನಂಬಿದವರು ಒಂದು ಕಾಯಿಲೆ ಬಂದರೂ ಸಾಲಕ್ಕೆ ಬೀಳುತ್ತಾರೆ. 2022ರ ವಿಶ್ವ ಅಸಮಾನತೆ ವರದಿಯ ಪ್ರಕಾರ ಜಗತ್ತಿನ ಸಂಪತ್ತಿನಲ್ಲಿ ಶೇ. 76ರಷ್ಟು ಮೇಲಿನ ಶೇ. 10 ಜನರ ಕೈಯಲ್ಲಿದೆ. ಕೆಳಗಿನ ಅರ್ಧದಷ್ಟು ಜನರ ಪಾಲು ಬರೀ ಶೇ. 2.