ಐಆರ್‌ಸಿ ಲೇಖನ: ಈಗಿನ ರೂಪದಲ್ಲಿ ಬೇಡ, ತಿದ್ದಿ ಕಳಿಸಿ

ನಮಸ್ಕಾರ.

ಐಆರ್‌ಸಿ (ಇಂಟರ್‌ನೆಟ್ ರಿಲೇ ಚಾಟ್, ಹಲವರು ಒಂದೆಡೆ ಸೇರಿ ಬರೆದು ಮಾತನಾಡುವ ಅಂತರ್ಜಾಲ ವ್ಯವಸ್ಥೆ) ಹೇಗೆ ಕೆಲಸ ಮಾಡುತ್ತದೆ ಎಂಬ ನಿಮ್ಮ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ವಿಷಯ ನಮಗೆ ಬೇಕಾದದ್ದೇ. ಆದ್ದರಿಂದ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲ ಎರಡು ಪುಟ ಚರಿತ್ರೆಗೇ ಹೋಗಿದೆ. 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಒಯಿಕಾರಿನೆನ್ ಇದನ್ನು ರೂಪಿಸಿದರು, 1993ರಲ್ಲಿ ಇದರ ನಿಯಮಗಳನ್ನು ವಿವರಿಸುವ ದಾಖಲೆ ಆರ್‌ಎಫ್‌ಸಿ 1459 ಬಂತು. ಇಷ್ಟು ಸಾಕು. ಆದರೆ ಓದುಗರಿಗೆ ಬೇಕಾದ ಕಡೆಯೇ ‘ಸರ್ವರ್‌ಗೆ ಸಂಪರ್ಕವಾಗುತ್ತದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನೇ ಹಿಗ್ಗಿಸಿ. ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ವಿಧಾನ) ಇದ್ದರೆ ಸರ್ವರ್‌ನ ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) 6697, ಇಲ್ಲದಿದ್ದರೆ ಸಾಮಾನ್ಯವಾಗಿ 6667. ಮೊದಲು ಅಡ್ಡಹೆಸರು ತಿಳಿಸುವ ನಿಕ್ ಆದೇಶ, ನಂತರ ಬಳಕೆದಾರರ ವಿವರ ಕೊಡುವ ಯೂಸರ್. ಆ ಹೆಸರು ಬೇರೆಯವರ ಬಳಿ ಇದ್ದರೆ ಸರ್ವರ್‌ನಿಂದ 433 ಎಂಬ ಉತ್ತರ ಸಂಖ್ಯೆ ಬರುತ್ತದೆ, ಎಲ್ಲ ಸರಿಯಾದರೆ 001. ಆ 001ಕ್ಕೆ ಕಾಯದೆ ಜಾಯಿನ್ ಆದೇಶ ಕಳಿಸಿದರೆ ಚಾನೆಲ್‌ಗೆ (ಮಾತಿನ ಕೋಣೆಗೆ) ಸೇರಿಸಿಕೊಳ್ಳುವುದಿಲ್ಲ. ಕೆಲವು ಸರ್ವರ್‌ಗಳು 001ಕ್ಕೂ ಮುಂಚೆ ಪಿಂಗ್ (ಸಂಪರ್ಕ ಇದೆಯೇ ಎಂಬ ಪರೀಕ್ಷೆ) ಕಳಿಸುತ್ತವೆ. ಅದರೊಡನೆ ಬಂದ ಪದವನ್ನೇ ಅದರ ಉತ್ತರವಾದ ಪಾಂಗ್‌ನಲ್ಲಿ ಮರಳಿಸದಿದ್ದರೆ ನೋಂದಣಿ ಮುಗಿಯುವುದೇ ಇಲ್ಲ.

‘ಒಂದು ಸಂದೇಶದಲ್ಲಿ 512 ಅಕ್ಷರ’ ಎಂದಿದ್ದೀರಿ. ತಪ್ಪು. ಅದು 512 ಬೈಟ್. ಸಾಲಿನ ಕೊನೆಯ ಎರಡು ಗುರುತು ಕಳೆದರೆ 510. ಇಂಗ್ಲಿಷ್ ಓದುಗರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟದು, ಕನ್ನಡದವರಿಗೆ ತಟ್ಟುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ದೀರ್ಘ ಈಕಾರ ಸೇರಿ 18 ಬೈಟ್. ಆದೇಶ ಮತ್ತು ಚಾನೆಲ್ ಹೆಸರಿಗೆ 18 ಬೈಟ್ ಹೋಯಿತೆನ್ನಿ. ಸಂದೇಶವನ್ನು ಹಂಚುವಾಗ ಸರ್ವರ್ ನಿಮ್ಮ ಹೆಸರು, ವಿಳಾಸವನ್ನು ಮುಂದೆ ಸೇರಿಸುತ್ತದೆ, ಅದಕ್ಕೆ 50 ಹಿಡಿಯೋಣ. ಉಳಿದ 442 ಬೈಟ್‌ನಲ್ಲಿ ಹಿಡಿಯುವುದು 147 ಸಂಕೇತ ಮಾತ್ರ. ಮೀರಿದ್ದನ್ನು ಸರ್ವರ್ ಕತ್ತರಿಸಿದರೆ ಕೊನೆಯ ಅಕ್ಷರ ಒಡೆದು ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣಬಹುದು. ಲೇಖನದ ಜೀವ ಇಲ್ಲಿದೆ, ದಯವಿಟ್ಟು ಇದಕ್ಕೆ ಒಂದು ಪುಟ ಕೊಡಿ.

ನೆಟ್‌ಸ್ಪ್ಲಿಟ್‌ಗೆ (ಜಾಲ ಹೋಳಾಗುವುದಕ್ಕೆ) ‘ಸರ್ವರ್ ಕೆಟ್ಟಿತು’ ಎಂಬ ವಿವರಣೆ ಸಾಲದು. ಸರ್ವರ್‌ಗಳ ಜೋಡಣೆ ಮರದ ಕೊಂಬೆಗಳಂತೆ, ಯಾವ ಎರಡರ ನಡುವೆಯೂ ಒಂದೇ ದಾರಿ. ಎಲ್ಲ ಸರ್ವರ್‌ಗಳೂ ಚೆನ್ನಾಗಿಯೇ ಇದ್ದು ನಡುವಿನ ಒಂದು ಕೊಂಡಿ ಕಡಿದರೂ ಜಾಲ ಎರಡು ಹೋಳು. ಆಚೆಯವರೆಲ್ಲ ಒಮ್ಮೆಲೇ ಎದ್ದುಹೋದಂತೆ ಈಚೆಯವರಿಗೆ ಕಾಣುತ್ತದೆ. ಆ ಅವಧಿಯ ಮಾತುಗಳು ಮತ್ತೆ ಕೂಡಿಕೊಂಡ ಮೇಲೂ ಆಚೆ ತಲುಪುವುದಿಲ್ಲ, ಮೂಲ ನಿಯಮದಲ್ಲಿ ಸರ್ವರ್ ಏನನ್ನೂ ಕೂಡಿಡುವುದಿಲ್ಲ.

ಮುಂದಿನ ಕರಡಿಗೆ ನೀವೇ ಕೈಯಾರೆ ಸಂಪರ್ಕಿಸಿ ಪಡೆದ ಸಾಲುಗಳನ್ನು ಲಗತ್ತಿಸಿ. ಟಿಎಲ್‌ಎಸ್ ಸಂಪರ್ಕಕ್ಕೆ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶ ಬಳಸುವುದಾದರೆ ‘ಕ್ವೈಟ್’ ಆಯ್ಕೆ ಹಾಕಿ. ಇಲ್ಲದಿದ್ದರೆ ಇಂಗ್ಲಿಷಿನ ಕ್ಯೂ ಅಕ್ಷರದಿಂದ ಶುರುವಾಗುವ ಸಾಲನ್ನು ಅದು ತನಗೇ ಕೊಟ್ಟ ಆದೇಶವೆಂದು ಓದಿ, ಸರ್ವರ್‌ಗೆ ಕಳಿಸದೆ ಸಂಪರ್ಕ ಮುಚ್ಚುತ್ತದೆ. ಚಾನೆಲ್‌ನಲ್ಲಿದ್ದ ಇತರರ ಹೆಸರು, ಐಪಿ ವಿಳಾಸಗಳನ್ನು ಅಳಿಸಿಯೇ ಕಳಿಸಿ.