ಕನ್ನಡಿ ಮುಂದೆ ‘ನಾನು ಧೈರ್ಯವಂತ’ ಅಂದರೂ ಭಯ ಹೋಗುತ್ತಿಲ್ಲ, ಯಾಕೆ?

ಪ್ರಶ್ನೆ: ನನಗೆ 34 ವರ್ಷ. ಕೆಲಸ ಚೆನ್ನಾಗಿ ಮಾಡುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ತಂಡದ ಮುಖ್ಯಸ್ಥನಾಗು ಅಂದಾಗ ಎರಡು ಸಲ ‘ಬೇಡ’ ಅಂದುಬಿಟ್ಟೆ. ಹತ್ತು ಜನರ ಮುಂದೆ ಮಾತಾಡಬೇಕು ಅಂದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಸ್ನೇಹಿತರು ‘ಪಾಸಿಟಿವ್ ಆಗಿ ಯೋಚಿಸು’ ಅನ್ನುತ್ತಾರೆ. ಒಂದು ತಿಂಗಳು ದಿನಾ ಕನ್ನಡಿ ಮುಂದೆ ನಿಂತು ‘ನಾನು ಧೈರ್ಯವಂತ, ನನಗೆ ಯಾವ ಭಯವೂ ಇಲ್ಲ’ ಅಂತ ಹೇಳಿಕೊಂಡೆ. ನನಗೆ ನಾನೇ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿ ಇನ್ನೂ ಕುಗ್ಗಿಹೋದೆ. ಈಗ ಮೂರನೇ ಸಲ ಕೇಳಿದ್ದಾರೆ, ಉತ್ತರ ಕೊಡಲು ಹದಿನೈದು ದಿನ ಇದೆ. ನನ್ನಲ್ಲೇ ಏನಾದರೂ ಕೊರತೆ ಇದೆಯಾ?

ಉತ್ತರ: ಮೊದಲು ಕನ್ನಡಿ ವಿಷಯ ಮುಗಿಸಿಬಿಡೋಣ. ಕೊರತೆ ಇದ್ದದ್ದು ಆ ಉಪಾಯದಲ್ಲಿ. ಮನಃಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು. ಮೊದಲೇ ಕೀಳರಿಮೆ ಇದ್ದವರು ‘ನಾನು ಪ್ರೀತಿಗೆ ಯೋಗ್ಯ’ ಅಂತ ಪದೇ ಪದೇ ಹೇಳಿಕೊಂಡಾಗ ಮನಸ್ಸು ಹಗುರಾಗುವ ಬದಲು ಭಾರವಾಯಿತು. ನಿಮಗೂ ಅದೇ ಆಗಿದೆ. ‘ಭಯವೇ ಇಲ್ಲ’ ಅಂತ ಬಾಯಿ ಹೇಳಿದರೆ, ‘ಹಾಗಾದರೆ ಮೊನ್ನೆ ನಡುಗಿದ ಕೈ ಯಾರದ್ದು?’ ಅಂತ ಒಳಗಿನವನು ಕೇಳುತ್ತಾನೆ. ಅವನ ಹತ್ತಿರ ಸಾಕ್ಷಿ ಇದೆ. ವಾದದಲ್ಲಿ ನೀವು ಸೋಲದೆ ಇನ್ನೇನಾಗುತ್ತದೆ?

ಭಯ ಬರುವುದನ್ನು ನೀವು ಆರಿಸಿಕೊಳ್ಳಲು ಆಗುವುದಿಲ್ಲ. ಮಬ್ಬುಗತ್ತಲಲ್ಲಿ ಹಗ್ಗ ಕಂಡರೆ ಮೈ ಮೊದಲು ಹಿಂದಕ್ಕೆ ಹಾರುತ್ತದೆ, ಹಾವಲ್ಲ ಅಂತ ಆಮೇಲೆ ತಿಳಿಯುತ್ತದೆ. ಮೆದುಳಿನಲ್ಲಿ ಅಮಿಗ್ಡಲ ಅನ್ನುವ ಬಾದಾಮಿ ಆಕಾರದ ಭಾಗವಿದೆ. ನಾವು ಯೋಚಿಸಿ ಮುಗಿಸುವ ಮೊದಲೇ ಅದು ಎಚ್ಚರಿಕೆ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಅನ್ನುವ ಹಾರ್ಮೋನ್ ಹರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇಷ್ಟಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಇದರ ನಂತರದ ಹೆಜ್ಜೆ ಮಾತ್ರ ನಿಮ್ಮದು.

ನೀವು ಗಮನಿಸದ ಒಂದು ವಿಷಯ ನಿಮ್ಮ ಆ ಎರಡು ‘ಬೇಡ’ಗಳಲ್ಲೇ ಇದೆ. ‘ಬೇಡ’ ಅಂದ ಕೂಡಲೇ ನಿಮಗೆ ಹೇಗನ್ನಿಸಿತು? ಬರೆದಿಲ್ಲ, ಆದರೂ ಊಹಿಸಬಲ್ಲೆ. ಅಬ್ಬಾ ಅನ್ನಿಸಿರಬೇಕು. ಆ ನಿರಾಳವೇ ಇಲ್ಲಿನ ದೊಡ್ಡ ಮೋಸಗಾರ. ‘ತಪ್ಪಿಸಿಕೊಂಡಿದ್ದಕ್ಕೇ ಬಚಾವಾದೆ’ ಅಂತ ಮೆದುಳು ಪಾಠ ಕಲಿಯುತ್ತದೆ. ಮುಂದಿನ ಸಲ ಗಂಟೆ ಇನ್ನೂ ಜೋರಾಗಿ ಬಾರಿಸುತ್ತದೆ. ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು ಅಂತ ತಿಳಿಯುವ ಅವಕಾಶವೇ ಅದಕ್ಕೆ ಸಿಗಲಿಲ್ಲವಲ್ಲ. ಎರಡು ಸಲ ಹೀಗಾಗಿದೆ. ಮೂರನೇ ಸಲ ಭಯ ಜಾಸ್ತಿ ಇದ್ದರೆ ಅದು ನಿಮ್ಮ ಸ್ವಭಾವ ಅಂದುಕೊಳ್ಳಬೇಡಿ. ಹಿಂದಿನ ಎರಡು ‘ಬೇಡ’ಗಳ ಬಡ್ಡಿ ಅದು.

ಹಾಗಾದರೆ ಏನು ಮಾಡೋದು? ಭಯ ಬಂದಾಗ ಅದಕ್ಕೆ ಸರಿಯಾದ ಹೆಸರಿಡಿ. ‘ಏನೋ ಟೆನ್ಷನ್’ ಅಂದರೆ ಸಾಲದು. ಸೋಲುವ ಭಯವಾ, ನಾಚಿಕೆಯಾ, ಇಲ್ಲ ‘ಇವನಿಗೆ ಏನೂ ಗೊತ್ತಿಲ್ಲ’ ಅಂತ ಬಯಲಾಗುವ ಅಳುಕಾ? ಸುಮ್ನೆ ಹೆಸರಿಟ್ಟರೆ ಏನು ಪ್ರಯೋಜನ ಅನ್ನಿಸಬಹುದು, ನನಗೂ ಮೊದಲು ಹಾಗೇ ಅನ್ನಿಸಿತ್ತು. 2007ರಲ್ಲಿ ಮನಃಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಅವರ ತಂಡ ಜನರಿಗೆ ಕೋಪದ, ಹೆದರಿಕೆಯ ಮುಖಗಳನ್ನು ತೋರಿಸಿ ಮೆದುಳನ್ನು ಸ್ಕ್ಯಾನ್ ಮಾಡಿತು. ಆ ಭಾವನೆಗೆ ಒಪ್ಪುವ ಪದ ಆರಿಸಿದಾಗ ಅಮಿಗ್ಡಲದ ಅಬ್ಬರ ಕಡಿಮೆಯಾಯಿತು, ಹಣೆಯ ಹಿಂದಿನ ಯೋಚಿಸುವ ಭಾಗ ಚುರುಕಾಯಿತು.

ಹೆಸರಿಟ್ಟ ಮೇಲೆ, ಭಯ ಹೇಳುತ್ತಿರುವುದನ್ನು ಅದರ ಮಾತಿನಲ್ಲೇ ಬರೆದಿಡಿ. ‘ಮೊದಲ ಮೀಟಿಂಗ್‌ನಲ್ಲೇ ಮಾತು ತಡವರಿಸುತ್ತದೆ, ಎಲ್ಲರೂ ನಗುತ್ತಾರೆ’ ಅನ್ನುವಷ್ಟು ಸ್ಪಷ್ಟವಾಗಿರಲಿ. ಏನಾಯಿತು ಅಂತ ಆಮೇಲೆ ಪಕ್ಕದಲ್ಲಿ ಬರೆಯಿರಿ. ಅತಿಯಾದ ಆತಂಕದ ಸಮಸ್ಯೆ ಇದ್ದವರಿಗೆ ಹೀಗೆ ಬರೆಸಿ ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅವರ ಚಿಂತೆಗಳಲ್ಲಿ ಸುಮಾರು ಶೇ 91 ನಿಜವಾಗಲೇ ಇಲ್ಲ. ಉಳಿದವು ನಿಜವಾದವು, ಅದನ್ನೂ ಮುಚ್ಚಿಡಬಾರದು. ಅದಕ್ಕೇ ನಾನು ‘ಎಲ್ಲಾ ಒಳ್ಳೆಯದಾಗುತ್ತೆ’ ಅನ್ನುವವರ ಗುಂಪಿಗೆ ಸೇರಿದವನಲ್ಲ. ‘ಮಾತು ತಡವರಿಸಬಹುದು. ತಡವರಿಸಿದರೆ ಒಂದು ಗುಟುಕು ನೀರು ಕುಡಿದು, ಚೀಟಿ ನೋಡಿ ಮುಂದುವರಿಸುತ್ತೇನೆ.’ ಇದೂ ಪಾಸಿಟಿವ್ ಯೋಚನೆಯೇ. ಇದನ್ನು ಒಳಗಿನವನೂ ಒಪ್ಪುತ್ತಾನೆ.

ಎದೆ ಹೊಡೆದುಕೊಳ್ಳುವಾಗ ‘ಶಾಂತವಾಗು’ ಅಂತ ಒತ್ತಾಯಿಸಬೇಡಿ. ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ ‘ನಾನು ಶಾಂತವಾಗಿದ್ದೇನೆ’ ಅಂದವರಿಗಿಂತ ‘ನನಗೆ ಹುರುಪು ಬಂದಿದೆ’ ಅಂದವರು ಚೆನ್ನಾಗಿ ಮಾತಾಡಿದರು. ಹುರುಪಿನಲ್ಲೂ ಎದೆ ಹಾಗೇ ಹೊಡೆದುಕೊಳ್ಳುತ್ತದೆ, ಅಲ್ವಾ? ಇಲ್ಲಿ ಮೈಯನ್ನು ಬದಲಿಸಬೇಕಿಲ್ಲ, ಅದರ ಅರ್ಥ ಬದಲಿಸಿಕೊಂಡರೆ ಆಯಿತು.

ಈ ಹದಿನೈದು ದಿನದಲ್ಲಿ ‘ಹೌದು’ ಅಂತ ಹಾರಬೇಡಿ, ‘ಬೇಡ’ ಅಂತ ಓಡಲೂ ಬೇಡಿ. ಮೊದಲು ಇಬ್ಬರ ಮುಂದೆ ಐದು ನಿಮಿಷ ವರದಿ ಹೇಳಿ. ಆಮೇಲೆ ನಾಲ್ಕು ಜನರ ಮುಂದೆ. ‘ಎರಡು ತಿಂಗಳು ಪ್ರಯೋಗ ಅಂತ ನೋಡೋಣವೇ?’ ಎಂದು ಕಚೇರಿಯಲ್ಲಿ ಕೇಳಿ ನೋಡಿ. ಎಲ್ಲಾ ನೋಡಿದ ಮೇಲೂ ಈ ಕೆಲಸ ಇಷ್ಟವಿಲ್ಲ ಅನ್ನಿಸಿದರೆ ಬಿಡಿ, ತಪ್ಪೇನಿಲ್ಲ. ಆದರೆ ಆ ‘ಬೇಡ’ ನಿಮ್ಮದಾಗಿರಲಿ. ಇನ್ನೊಂದು ಮಾತು. ನಿದ್ದೆ ಕೆಟ್ಟಿದ್ದರೆ, ಭಯದಿಂದ ದಿನದ ಕೆಲಸಗಳೇ ನಿಂತಿದ್ದರೆ ಅಥವಾ ಕಾರಣವಿಲ್ಲದೆ ಎದೆಬಡಿತ ಏರುತ್ತಿದ್ದರೆ ಇಷ್ಟು ಸಾಲದು, ವೈದ್ಯರನ್ನು ನೋಡಿ.

ಪ್ರಶ್ನೆ: ಕೆಲವು ಸಲ ಭಯ ನಿಜವಾದ ಎಚ್ಚರಿಕೆಯೂ ಆಗಿರುತ್ತದೆ. ಯಾವುದು ಯಾವುದು ಅಂತ ಹೇಗೆ ತಿಳಿಯುವುದು?

ಉತ್ತರ: ಪೂರ್ತಿ ಖಚಿತವಾಗಿ ಬೇರ್ಪಡಿಸುವ ದಾರಿ ಇಲ್ಲ. ನಾನು ಒಂದನ್ನು ಗಮನಿಸುತ್ತೇನೆ. ಎಚ್ಚರಿಕೆ ಸಾಮಾನ್ಯವಾಗಿ ಏನು ಮಾಡಬೇಕು ಅಂತ ಹೇಳುತ್ತದೆ: ‘ಸಹಿ ಹಾಕುವ ಮೊದಲು ಕಾಗದ ಪೂರ್ತಿ ಓದು.’ ಅಷ್ಟು ಮಾಡಿದರೆ ಅದು ಸುಮ್ಮನಾಗುತ್ತದೆ. ಪೊಳ್ಳು ಭಯ ಕೆಲಸ ಹೇಳುವುದಿಲ್ಲ. ‘ಹೀಗಾದರೆ? ಹಾಗಾದರೆ?’ ಅನ್ನುತ್ತಲೇ ಇರುತ್ತದೆ. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು ಹಿಡಿದು ಬರುತ್ತದೆ. ರಾತ್ರಿ ಎರಡು ಗಂಟೆಗೆ ಇದನ್ನು ಅಳೆಯಲು ಹೋಗಬೇಡಿ. ಆ ಹೊತ್ತಿನಲ್ಲಿ ಎಲ್ಲವೂ ಎಚ್ಚರಿಕೆಯಂತೆಯೇ ಕೇಳಿಸುತ್ತದೆ. ಒಂದು ಸಾಲು ಬರೆದಿಟ್ಟು ಮಲಗಿ, ಬೆಳಿಗ್ಗೆ ಓದಿ ನೋಡಿ.